ಅಪ್ಪನ 800ಕ್ಕೆ ಎಂಪಿಎಫ್‌ಐ ಎಂಜಿನ್

ಅಪ್ಪನ 1996ರ ಮಾರುತಿ 800 ತರೀಕೆರೆಯಿಂದ ಕೆಮ್ಮಣ್ಣುಗುಂಡಿ ಹತ್ತುವಾಗಲೆಲ್ಲ ಮುಗ್ಗರಿಸುತ್ತಿತ್ತು. ಚಳಿಯಲ್ಲಿ ಚೋಕ್ ಎಳೆದರೂ ಸ್ಟಾರ್ಟ್ ಆಗದು. 'ಗುಜರಿಗೆ ಹಾಕೋಣ ಕಣೋ' ಅಂದರು ಅಪ್ಪ. ಡಿಪ್ಲೊಮಾ ಮುಗಿಸಿ ಕೆಲಸವಿಲ್ಲದೆ ಕೂತಿದ್ದ ನಾನು ಒಪ್ಪಲಿಲ್ಲ. ಆರ್‌ಟಿಒ ಅನುಮತಿ ಪಡೆದು, ಹೊಸ ಮಾದರಿಯ 800ರ ಎಂಪಿಎಫ್‌ಐ ಎಂಜಿನ್, ಇಸಿಎಂ, ವೈರಿಂಗ್ ಪೂರ್ತಿ ಸೆಟ್ ತಂದೆ.

ಎಂಜಿನ್ ಕೂರಿಸಿದ್ದು ಎರಡೇ ದಿನದಲ್ಲಿ. ಕಾರ್ಬುರೇಟರಿನ ಹಳೇ ಪಂಪಿನ ಒತ್ತಡ ಇಂಜೆಕ್ಟರಿಗೆ ಸಾಲದು. ಒಳಗೇ ಎಲೆಕ್ಟ್ರಿಕ್ ಪಂಪ್ ಇರುವ ಟ್ಯಾಂಕ್ ಹಾಕಿದೆ. ಕೀ ತಿರುಗಿಸಿದರೆ ಎಂಜಿನ್ ಸುತ್ತುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಎಂಟು ದಿನ ಇಸಿಎಂ ಅನ್ನೇ ಬೈದೆ. ಕೊನೆಗೆ ಮಲ್ಟಿಮೀಟರ್ ಹಿಡಿದು ನೋಡಿದರೆ, ಅರ್ತ್ ವೈರನ್ನು ಪೇಂಟ್ ಮೇಲೆಯೇ ಬಿಗಿದಿದ್ದೆ! ಪೇಂಟ್ ಕೆರೆದು ಬಿಗಿದೆ. ಮೊದಲ ಕೀಗೇ ಸ್ಟಾರ್ಟ್.

ಆರ್‌ಸಿಯಲ್ಲಿ ಹೊಸ ಎಂಜಿನ್ ನಂಬರ್ ಹಾಕಿಸಲು ಓಡಾಡಿದ್ದು, ಗುಜರಿ ಎಂದಿದ್ದ ಅಪ್ಪನೇ.