ಸ್ಪೀಕರ್‌ಗೆ ವೈರ್ ಬೇಡ್ವಾ? ಸ್ವಲ್ಪ ತಡೀರಿ

ಗಣೇಶನ ಪೆಂಡಾಲ್ ಆರ್ಕೆಸ್ಟ್ರಾಗೆ ಸ್ಪೀಕರನ್ನ ಬ್ಲೂಟೂತ್‌ನಲ್ಲೇ ಕನೆಕ್ಟ್ ಮಾಡಬಹುದಾ? ಹಾಡುಗಳ ಮಧ್ಯೆ ಮೊಬೈಲ್ ಮ್ಯೂಸಿಕ್‌ಗೆ ಸರಿ, ಲೈವ್ ಮೈಕ್‌ಗೆ ಬೇಡ ಅಂತೀನಿ.

ಸಾಮಾನ್ಯ ಬ್ಲೂಟೂತ್‌ನಲ್ಲಿ ದನಿ 100ರಿಂದ 200 ಮಿಲಿಸೆಕೆಂಡ್ ತಡವಾಗಿ ಬರುತ್ತೆ. 100 ಮಿಲಿಸೆಕೆಂಡಲ್ಲಿ ಶಬ್ದ ಗಾಳಿಯಲ್ಲಿ ಸುಮಾರು 34 ಮೀಟರ್ ಹೋಗುತ್ತೆ. ಅಂದ್ರೆ ಪಕ್ಕದ ಸ್ಪೀಕರ್ ಅಷ್ಟು ದೂರದಲ್ಲಿದ್ದ ಹಾಗೆ; ಹಾಡೋರ ತಾಳ ತಪ್ಪುತ್ತೆ.

ಆಡಿಯೋಗೆಂದೇ ಬರೋ 2.4 ಗಿಗಾಹರ್ಟ್ಸ್ ಟ್ರಾನ್ಸ್‌ಮಿಟರ್‌ಗಳಲ್ಲಿ ತಡ ಕೆಲವೇ ಮಿಲಿಸೆಕೆಂಡ್. ಆದರೆ ಜನರ ಫೋನ್‌ಗಳೂ ಅದೇ ಬ್ಯಾಂಡ್ ಬಳಸುತ್ತವೆ, ಮನುಷ್ಯರ ಮೈ ಆ ಸಿಗ್ನಲ್ ಹೀರುತ್ತೆ. ಸಂಜೆ ಚೆಕ್ ಮಾಡಿದಾಗ ಸರಿಯಿದ್ದದ್ದು ಜನ ತುಂಬಿದ ಮೇಲೆ ಕಟ್ ಆಗಬಹುದು. ರಿಸೀವರ್ ತಲೆಗಳಿಗಿಂತ ಎತ್ತರದಲ್ಲಿರಲಿ.

ನನ್ನ ಕಾಮರ್ಸ್ ಲೆಕ್ಕ ಇಷ್ಟೇ: ಪವರ್ಡ್ ಸ್ಪೀಕರ್‌ಗೆ ಕರೆಂಟ್ ವೈರ್ ಹೇಗೂ ಎಳೀಬೇಕು. ಅದೇ ದಾರಿಯಲ್ಲಿ ಎಕ್ಸ್‌ಎಲ್‌ಆರ್ ಕೇಬಲ್ಲೂ ಎಳೆದುಬಿಡಿ, ಚಂದಾ ದುಡ್ಡೂ ಉಳಿಯುತ್ತೆ.