ಗುಟ್ಟಿನ ವಿದ್ಯೆ ತರಗತಿಗೆ ಬಂದ ಬಗೆ

ಚಿಗಾಂಗ್ ಎಂಬ ಚೀನೀ ಉಸಿರು-ಚಲನೆಗಳ ಸಾಧನೆ ಕಲಿಯಲು ಬಂದವರನ್ನು ಮೊದಲು ಸುಮ್ಮನೆ ನಿಲ್ಲಿಸುವ ಗುರುಗಳಿದ್ದಾರೆ. ಮೊಣಕಾಲು ತುಸು ಬಾಗಿರಬೇಕು, ತೋಳುಗಳು ಮರವನ್ನು ತಬ್ಬಿಕೊಂಡಂತೆ ಎದೆಯ ಮುಂದಿರಬೇಕು. ಸ್ವಲ್ಪ ಹೊತ್ತಿಗೆ ತೊಡೆ ನಡುಗುತ್ತದೆ, ಅಂಗೈ ಬೆಚ್ಚಗಾಗಿ ಜುಮುಜುಮು ಎನ್ನುತ್ತದೆ. ಅದೇ ‘ಚಿ’, ಒಳಗಿನ ಶಕ್ತಿ, ಸಾವಿರಾರು ವರ್ಷಗಳ ವಿದ್ಯೆ ಎನ್ನುತ್ತಾರೆ. ಅಂಗೈ ಬಿಸಿಯಾಗುವುದಂತೂ ನಿಜ. ಸಾವಿರಾರು ವರ್ಷಗಳ ಮಾತು ಅರ್ಧ ನಿಜ.

ಚೀನಾದ ಮವಾಂಗ್‌ದುಯಿಯಲ್ಲಿ ಕ್ರಿ.ಪೂ. 168ರಲ್ಲಿ ಮುಚ್ಚಿದ ಗೋರಿಯೊಂದನ್ನು 1973ರಲ್ಲಿ ಅಗೆದಾಗ, ಮೈ ಚಾಚುವ, ಬಾಗುವ 44 ಆಕೃತಿಗಳಿದ್ದ ರೇಷ್ಮೆಪಟ ಸಿಕ್ಕಿತು. ವಿದ್ಯೆ ಹಳೆಯದೇ. ಆದರೆ ಯಾರು ಬೇಕಾದರೂ ಸೇರಿ ಕಲಿಯುವ ತರಗತಿ ಶುರುವಾದದ್ದು ಕಮ್ಯುನಿಸ್ಟ್ ಕಾರ್ಯಕರ್ತರೊಬ್ಬರ ಹೊಟ್ಟೆಹುಣ್ಣಿನಿಂದ.

ಅವರು ಲಿಯು ಗುಯಿಝೆನ್. ಹುಣ್ಣಿನಿಂದ ಸೊರಗಿ 1947ರಲ್ಲಿ ಹೆಬೇ ಪ್ರಾಂತ್ಯದ ತಮ್ಮ ಹಳ್ಳಿಗೆ ಮರಳಿದಾಗ, ಗುಟ್ಟಾಗಿ ಉಳಿದುಬಂದಿದ್ದ ಉಸಿರಿನ ಸಾಧನೆಯೊಂದನ್ನು ಹಿರಿಯರೊಬ್ಬರು ಕಲಿಸಿಕೊಟ್ಟರು. ಸುಮಾರು ನೂರು ದಿನಗಳಲ್ಲಿ ಲಿಯು ಚೇತರಿಸಿಕೊಂಡರು. ಪಕ್ಷದವರಿಗೆ ಕುತೂಹಲ ಹುಟ್ಟಿತು. 1949ರಲ್ಲಿ ಚಿಗಾಂಗ್ ಎಂಬ ಹೆಸರನ್ನೂ ಗೊತ್ತುಮಾಡಿದರು. ಉಸಿರಿನ ಜೊತೆ ಮನಸ್ಸಿನಲ್ಲೇ ಹೇಳಿಕೊಳ್ಳುವ ಹಳೆಯ ಮಂತ್ರದಲ್ಲಿ ಚಿನ್ನದ ಡ್ರ್ಯಾಗನ್ನಿನ ಪಂಜವಿತ್ತು, ಧ್ಯಾನದ ಕೋಣೆಯಿತ್ತು. ಅವೆರಡನ್ನೂ ತೆಗೆದು, ಆರೋಗ್ಯಕ್ಕಾಗಿ ಕೂತು ಧ್ಯಾನಿಸುತ್ತೇನೆ ಎಂಬರ್ಥದ ಸಾಲು ಕೂರಿಸಿದರು. ಸಪ್ಪೆ ಸಾಲು, ಒಪ್ಪೋಣ. ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಮುಜುಗರವಿಲ್ಲದೆ ಹೇಳಿಕೊಡಬಹುದಾದ ಸಾಲು! 1954ರಲ್ಲಿ ತಾಂಗ್‌ಶಾನ್‌ನಲ್ಲಿ, 1956ರಲ್ಲಿ ಕಡಲತಡಿಯ ಬೇದಾಯ್‌ಹೆಯಲ್ಲಿ ಚಿಗಾಂಗ್ ಚಿಕಿತ್ಸಾಧಾಮಗಳು ತೆರೆದವು. ಗುರುವಿನ ಜಾಗದಲ್ಲಿ ವೈದ್ಯ, ಶಿಷ್ಯನ ಜಾಗದಲ್ಲಿ ರೋಗಿ.

ಸಾಂಸ್ಕೃತಿಕ ಕ್ರಾಂತಿಯ ಕಾಲಕ್ಕೆ ಅಷ್ಟು ಶುದ್ಧೀಕರಣವೂ ಸಾಲದಾಯಿತು. ಲಿಯು ಅವರನ್ನು ಪಕ್ಷದಿಂದ ಹೊರದೂಡಿದರು.

ತರಗತಿಯನ್ನು ಆಸ್ಪತ್ರೆಯಿಂದ ಉದ್ಯಾನಕ್ಕೆ ತಂದವರು ಚಿತ್ರಕಲಾವಿದೆ ಗುವೊ ಲಿನ್. ಗರ್ಭಕೋಶದ ಕ್ಯಾನ್ಸರ್‌ಗೆ ತುತ್ತಾಗಿದ್ದ ಅವರು, ಎರಡು ಸಲ ಮೂಗಿನಿಂದ ಉಸಿರೆಳೆದು ಒಮ್ಮೆ ಬಿಡುತ್ತಾ ನಡೆಯುವ ಕ್ರಮವೊಂದನ್ನು ರೂಪಿಸಿಕೊಂಡರು. 1970ರ ದಶಕದ ಆರಂಭದಲ್ಲಿ, ಗುಂಪು ಕೂಡುವುದೇ ಅನುಮಾನಕ್ಕೆ ಎಡೆಯಾಗಿದ್ದ ಬೀಜಿಂಗ್‌ನಲ್ಲಿ, ಅದನ್ನು ಇತರರಿಗೆ ಕಲಿಸತೊಡಗಿದರು. ಆ ನಡಿಗೆಯಿಂದ ಕ್ಯಾನ್ಸರ್ ವಾಸಿಯಾಗುತ್ತದೆ ಎಂಬುದಕ್ಕೆ ವೈದ್ಯಕೀಯ ಪುರಾವೆಯಿಲ್ಲ. ಆದರೂ ಈ ಇಡೀ ಕಥೆಯಲ್ಲಿ ನನಗೆ ಹೆಚ್ಚು ಹಿಡಿಸುವವರು ಅವರೇ: ಕಾಯಿಲೆಯವರಿಗೆ ಹಾಸಿಗೆ ಬಿಟ್ಟು ಜನರ ನಡುವೆ ನಡೆಯಲು ಒಂದು ನೆಪ ಕೊಟ್ಟರು.

ಎಂಬತ್ತರ ದಶಕದ್ದು ಬೇರೆಯೇ ಗದ್ದಲ. ಯಾನ್ ಶಿನ್‌ರಂಥ ಗುರುಗಳು ಭಾಷಣ ಮಾಡುತ್ತಾ ಸಾವಿರಾರು ಜನರಿಗೆ ಒಟ್ಟಿಗೇ ಶಕ್ತಿ ಕಳಿಸುತ್ತೇವೆ ಎಂದರು. ತನ್ನ ಮೈಯನ್ನು ತಾನೇ ಗಮನಿಸಬೇಕಾದ ಕಲಿಯುವವನು ಪ್ರೇಕ್ಷಕನಾದ. ಅಲ್ಲಿಗೆ ವಿದ್ಯೆ ಕೆಟ್ಟಿತು ಎಂದೇ ನನ್ನ ಎಣಿಕೆ. 1999ರಲ್ಲಿ ಫಾಲುನ್ ಗಾಂಗ್ ಎಂಬ ಚಿಗಾಂಗ್ ಪಂಥ ನಿಷೇಧವಾದ ಮೇಲೆ ಉಳಿದ ಪಂಥಗಳ ಮೇಲೂ ಸರ್ಕಾರದ ಕಣ್ಣು ಬಿತ್ತು. ಕೆಲವೇ ವರ್ಷಗಳಲ್ಲಿ ಚೀನಾದ ಕ್ರೀಡಾ ಇಲಾಖೆ ನಾಲ್ಕು ಹಳೆಯ ಕ್ರಮಗಳನ್ನು ತಿದ್ದಿ ಅಧಿಕೃತಗೊಳಿಸಿತು. ಅವುಗಳಲ್ಲಿ ‘ಬಾದುವಾನ್‌ಜಿನ್’ಗೆ ಇರುವುದು ಎಂಟೇ ಚಲನೆ. ಸೊಂಟನೋವಿನ ಅಜ್ಜಿಯೂ ಮಾಡಬಹುದು.