ಎಂಟು ದೇಶ, ಎಂಟು ನಾಣ್ಯ, ಒಂದು ಚೀಲ
ಆಫ್ರಿಕದ ಲಾರಿ ಪ್ರವಾಸಕ್ಕೆ ಹೊರಡುವವರ ಹಣದ ಲೆಕ್ಕಾಚಾರ

ದೇಶ ಸುತ್ತಬೇಕು, ಕೋಶ ಓದಬೇಕು ಎಂದು ಹಿರಿಯರು ಹೇಳಿದರು. ಕೋಶವೆಂದರೆ ಪುಸ್ತಕವೆಂದು ನಾವು ಶಾಲೆಯಲ್ಲಿ ಕಲಿತೆವು. ಆ ಶಬ್ದಕ್ಕೆ ಬೊಕ್ಕಸವೆಂಬ ಇನ್ನೊಂದು ಅರ್ಥವೂ ಉಂಟು. ಆಫ್ರಿಕವನ್ನು ನೆಲದ ದಾರಿಯಲ್ಲೇ ಸುತ್ತಿ ಬರಬೇಕೆನ್ನುವವರು ಈ ಎರಡನೆಯ ಕೋಶವನ್ನು ಮೊದಲು ಓದಿಕೊಳ್ಳುವುದು ಲೇಸು.

ವಿಮಾನದಲ್ಲಿ ಹಾರಿ ದೊಡ್ಡ ಹೋಟೆಲುಗಳಲ್ಲಿ ತಂಗುವ ಪ್ರವಾಸದ ಮಾತು ಇದಲ್ಲ. ಲಾರಿಯ ಹಿಂಭಾಗದಲ್ಲಿ ಆಸನಗಳನ್ನು ಜೋಡಿಸಿ, ಡೇರೆ, ಒಲೆ, ಪಾತ್ರೆ, ನೀರಿನ ತೊಟ್ಟಿಗಳನ್ನು ಹೇರಿಕೊಂಡು ಇಪ್ಪತ್ತು ಮಂದಿಯ ತಂಡ ಕೆನ್ಯಾದ ನೈರೋಬಿಯಿಂದ ಹೊರಡುತ್ತದೆ. ಟಾಂಜಾನಿಯಾ, ಮಲಾವಿ, ಜಾಂಬಿಯಾ, ಜಿಂಬಾಬ್ವೆ, ಬೋಟ್ಸ್ವಾನಾ, ನಮೀಬಿಯಾಗಳನ್ನು ದಾಟಿ ಸುಮಾರು ಎಂಟು ವಾರಗಳಲ್ಲಿ ದಕ್ಷಿಣ ಆಫ್ರಿಕದ ಕೇಪ್‌ಟೌನ್ ಸೇರುತ್ತದೆ. ರಾತ್ರಿ ಡೇರೆಯಲ್ಲಿ ವಾಸ, ಅಡಿಗೆ ಪಾಳಿಯಲ್ಲಿ. ಹೀಗೆ ಎರಡು ತಿಂಗಳು ಒಂದೇ ಲಾರಿಯಲ್ಲಿ ಅಪರಿಚಿತರ ಜೊತೆ ಬಾಳುವಾಗ ಮನಸ್ತಾಪ ಹುಟ್ಟುವುದು ಹೆಚ್ಚಾಗಿ ಹಣದಿಂದ. ವರ್ಷಗಟ್ಟಲೆ ಉಳಿಸಿದ ಹಣದಲ್ಲಿ, ಇಲ್ಲವೇ ನಿವೃತ್ತಿಯ ಇಡುಗಂಟಿನಲ್ಲಿ ಒಂದು ಪಾಲು ತೆಗೆದು ಹೊರಡುವವನಿಗೆ ನಡುದಾರಿಯಲ್ಲಿ ಕೈ ಬರಿದಾದರೆ ಸಾಲ ಕೇಳಲು ಅಲ್ಲಿ ನೆಂಟರಿಲ್ಲ.

ಕಾಗದದ ದರ, ದಾರಿಯ ದರ

ಪ್ರವಾಸ ಸಂಸ್ಥೆಯ ಕಾಗದದಲ್ಲಿ ಕಾಣುವ ದರ ಒಟ್ಟು ಖರ್ಚಿನ ಒಂದು ಭಾಗ ಮಾತ್ರ. ವಿಮಾನದ ಟಿಕೇಟು, ವೀಸಾ, ವಿಮೆ, ಹಳದಿಜ್ವರದ ಚುಚ್ಚುಮದ್ದು, ಪೇಟೆಗಳಲ್ಲಿ ಹೊರಗಿನ ಊಟ, ಚಾಲಕ ಮತ್ತು ಮಾರ್ಗದರ್ಶಿಗೆ ಕೊಡುವ ಭಕ್ಷೀಸು ಸಾಮಾನ್ಯವಾಗಿ ಅದರ ಹೊರಗಿನವು. ಕಾಗದದಲ್ಲಿ ನಮೂದಿಸಿದ ವೀಸಾ ಶುಲ್ಕ ಬ್ರಿಟಿಷ್ ಪಾಸುಪೋರ್ಟಿನವರಿಗೆ ಅನ್ವಯಿಸುವುದಾಗಿರಬಹುದು. ನಮ್ಮ ಪಾಸುಪೋರ್ಟಿಗೆ ಎಷ್ಟು ಎಂಬುದನ್ನು ಆಯಾ ದೇಶದ ರಾಯಭಾರ ಕಚೇರಿಯಿಂದಲೇ ತಿಳಿದುಕೊಳ್ಳಬೇಕು.

ಮುಖ್ಯವಾಗಿ ನೋಡಬೇಕಾದುದು ‘ಇಷ್ಟವಿದ್ದರೆ’ ಎಂಬ ತಲೆಬರಹದ ಕೆಳಗಿನ ಪಟ್ಟಿ. ಟಾಂಜಾನಿಯಾದ ಸೆರೆಂಗೆಟಿ ವನ್ಯಧಾಮದ ಪ್ರವೇಶ ಶುಲ್ಕ 2023-24ರ ದರಪಟ್ಟಿಯಂತೆ ಹೊರದೇಶದ ವಯಸ್ಕರಿಗೆ ಪ್ರವಾಸಿಗರು ಹೆಚ್ಚು ಬರುವ ತಿಂಗಳುಗಳಲ್ಲಿ ದಿನಕ್ಕೆ 70 ಡಾಲರು; ಅದರ ಮೇಲೆ ತೆರಿಗೆ ಬೇರೆ. ಪಕ್ಕದ ಗೊರೊಂಗೊರೊ ಜ್ವಾಲಾಮುಖಿಯ ಕುಳಿಗೆ ಜೀಪಿನಲ್ಲಿ ಇಳಿಯಬೇಕು. ಒಂದು ಜೀಪು ಇಳಿಯಲು ಶುಲ್ಕ, ತೆರಿಗೆ ಬಿಟ್ಟು, 250 ಡಾಲರು. ಐವರು ಹಂಚಿಕೊಂಡರೆ ತಲೆಗೆ 50, ಇಬ್ಬರೇ ಆದರೆ 125. ಆದುದರಿಂದ ಜೀಪಿಗೆ ಎಷ್ಟು ಮಂದಿ ಎಂದು ಮೊದಲೇ ಕೇಳಿಡಬೇಕು. ಕೆಲವು ಲಾರಿಗಳು ನೈರೋಬಿಯಿಂದ ಪಶ್ಚಿಮಕ್ಕೆ ತಿರುಗಿ ಗೊರಿಲ್ಲಾಗಳನ್ನು ಕಾಣಿಸಲು ಒಯ್ಯುತ್ತವೆ. ಕಾಡಿನಲ್ಲಿ ಅವುಗಳ ಮುಂದೆ ಒಂದು ಗಂಟೆ ನಿಲ್ಲುವ ಅನುಮತಿಪತ್ರಕ್ಕೆ ರುವಾಂಡದಲ್ಲಿ 2017ರಿಂದ 1500 ಡಾಲರು, ಉಗಾಂಡದಲ್ಲಿ 2024ರ ಜುಲೈಯಿಂದ 800 ಡಾಲರು. ಒಂದೇ ಜಾತಿಯ ಪ್ರಾಣಿ, ಗಡಿಯ ಆಚೆ ಈಚೆ 700 ಡಾಲರಿನ ವ್ಯತ್ಯಾಸ!

ಕಿಟ್ಟಿ ಎಂಬ ಒಟ್ಟು ಚೀಲ

ಬಹಳಷ್ಟು ಲಾರಿ ಪ್ರವಾಸಗಳಲ್ಲಿ ದರದ ಒಂದು ಪಾಲನ್ನು ಮೊದಲ ದಿನವೇ ಡಾಲರಿನ ನೋಟುಗಳಾಗಿ ಮಾರ್ಗದರ್ಶಿಯ ಕೈಯಲ್ಲಿ ಕೊಡಬೇಕು. ಇದಕ್ಕೆ ‘ಕಿಟ್ಟಿ’ ಎಂದು ಹೆಸರು. ನಮ್ಮ ಮನೆಗಳ ಕೃಷ್ಣನಿಗೂ ಇದಕ್ಕೂ ಸಂಬಂಧವಿಲ್ಲ. ನಾಲ್ಕು ಮನೆಯವರು ವ್ಯಾನು ಮಾಡಿಕೊಂಡು ಸುಬ್ರಹ್ಮಣ್ಯಕ್ಕೋ ಧರ್ಮಸ್ಥಳಕ್ಕೋ ಹೋಗುವಾಗ ಒಬ್ಬರ ಕೈಯಲ್ಲಿ ಹಣ ಕೂಡಿಸಿ ಕಾಫಿ, ತಿಂಡಿ, ಪೆಟ್ರೋಲಿನ ಖರ್ಚನ್ನು ಅದರಿಂದಲೇ ನಡೆಸುವ ಪದ್ಧತಿಯೇ ಇದು. ದಿನಸಿ, ತರಕಾರಿ, ಸೌದೆ, ಡೇರೆ ಹಾಕುವ ಜಾಗದ ಬಾಡಿಗೆ ಎಲ್ಲವೂ ಈ ಚೀಲದಿಂದ ಹೋಗುತ್ತವೆ. ಪಾಳಿಯ ಮೂವರು ನಾಲ್ವರು ಚೀಲದಿಂದ ಹಣ ಪಡೆದು ಸಂತೆಗೆ ಹೋಗಿ ತಂದು ಇಪ್ಪತ್ತು ಮಂದಿಗೆ ಬೇಯಿಸುತ್ತಾರೆ.

ಚೀಲಕ್ಕೆ ಹಣ ಹಾಕುವ ಮೊದಲು ನಾಲ್ಕು ಪ್ರಶ್ನೆ ಕೇಳುವುದು ಸಂಕೋಚದ ವಿಷಯವಲ್ಲ. ಇದರಲ್ಲಿ ಏನೇನು ಸೇರಿದೆ? ಕಡಿಮೆ ಬಿದ್ದರೆ ತುಂಬುವವರು ಯಾರು? ಉಳಿದರೆ ಹಂಚುತ್ತಾರೆಯೇ? ಲೆಕ್ಕದ ಪುಸ್ತಕವನ್ನು ಎಲ್ಲರೂ ನೋಡಬಹುದೇ? ಕೊನೆಯ ಪ್ರಶ್ನೆಗೆ ‘ಆಗಬಹುದು’ ಎಂಬ ಉತ್ತರ ಬಂದಲ್ಲಿ ಅರ್ಧ ಜಗಳ ತಪ್ಪಿತೆಂದೇ ತಿಳಿಯಬೇಕು. ವಾರಕ್ಕೊಮ್ಮೆ ಊಟದ ಬಳಿಕ ಲೆಕ್ಕ ಓದಿ ಹೇಳುವ ತಂಡದಲ್ಲಿ ಸಂಶಯಕ್ಕೆ ಎಡೆಯಿಲ್ಲ. ಸಸ್ಯಾಹಾರಿಗಳು ತಮ್ಮ ಆಹಾರದ ಮಾತನ್ನು ಆ ಮೊದಲ ದಿನವೇ ಎಲ್ಲರ ಮುಂದೆ ಹೇಳಿಡಬೇಕು. ಚೀಲಕ್ಕೆ ಸಮಪಾಲು ಕೊಟ್ಟು, ಮಾಂಸದಡಿಗೆಯ ದಿನ ಸ್ವಂತ ಹಣದಿಂದ ಬ್ರೆಡ್ಡು ಬಾಳೆಹಣ್ಣು ಕೊಂಡು ತಿನ್ನುವ ಗತಿ ಬರಬಾರದು.

ಯಾವ ನಾಣ್ಯ ಎಲ್ಲಿ

ದಾರಿಯಲ್ಲಿ ಎಂಟು ದೇಶ, ಎಂಟು ನಾಣ್ಯ. ಹೆಸರು ಒಂದೇ ಇದ್ದರೂ ಬೆಲೆ ಬೇರೆ. ಒಂದು ಕೆನ್ಯಾ ಶಿಲ್ಲಿಂಗಿಗೆ ಇತ್ತೀಚಿನ ವರ್ಷಗಳಲ್ಲಿ ಹದಿನೈದಕ್ಕೂ ಹೆಚ್ಚು ಟಾಂಜಾನಿಯಾ ಶಿಲ್ಲಿಂಗು ಸಿಗುತ್ತದೆ. ಮಲಾವಿಯದೂ ಕ್ವಾಚಾ, ಜಾಂಬಿಯಾದ್ದೂ ಕ್ವಾಚಾ. ಇದನ್ನು ಅಲ್ಲಿ ಕೊಟ್ಟರೆ ನಡೆಯದು. ಜಾಂಬಿಯಾ 2013ರಲ್ಲಿ ತನ್ನ ನಾಣ್ಯದಿಂದ ಮೂರು ಸೊನ್ನೆಗಳನ್ನು ತೆಗೆದುಹಾಕಿತು. ಮಲಾವಿ 2023ರ ನವೆಂಬರಿನಲ್ಲಿ ಒಂದೇ ಏಟಿಗೆ 44 ಶೇಕಡ ಅಪಮೌಲ್ಯ ಮಾಡಿತು. ಆ ಹಿಂದಿನ ದಿನ ನೂರಾರು ಡಾಲರು ಬದಲಾಯಿಸಿಕೊಂಡವನ ಪಾಡು ಊಹಿಸಬಹುದು. ಎರಡು ಮೂರು ದಿನಕ್ಕೆ ಬೇಕಾದಷ್ಟನ್ನೇ ಬದಲಾಯಿಸಿಕೊಳ್ಳಬೇಕು ಎಂಬುದಕ್ಕೆ ಇದೇ ಕಾರಣ.

ಡಾಲರು ಎಲ್ಲೆಡೆ ನಡೆಯುತ್ತದೆ ಎಂಬ ಹಳೆಯ ಮಾತನ್ನು ಪೂರ್ತಿ ನಂಬುವಂತಿಲ್ಲ. ಟಾಂಜಾನಿಯಾ ಸರಕಾರ 2025ರ ಮಾರ್ಚಿಯಲ್ಲಿ ಹೊರಡಿಸಿದ ನಿಯಮದಂತೆ ದೇಶದೊಳಗಿನ ಸರಕು ಸೇವೆಗಳಿಗೆ ವಿದೇಶೀ ಹಣದಲ್ಲಿ ಬೆಲೆ ಹೇಳುವುದನ್ನೂ ಕೊಡುವುದನ್ನೂ ನಿಷೇಧಿಸಲಾಗಿದೆ. ಜಿಂಬಾಬ್ವೆಯಲ್ಲಿ ಇದಕ್ಕೆ ತಿರುಗುಮುರುಗು. 2009ರ ಜನವರಿಯಲ್ಲಿ ನೂರು ಲಕ್ಷ ಕೋಟಿ ಡಾಲರಿನ ಒಂದೇ ನೋಟು ಅಚ್ಚು ಹಾಕಿಸಿ, ಅದೇ ವರ್ಷ ಸ್ವಂತ ನಾಣ್ಯವನ್ನೇ ಕೈಬಿಟ್ಟ ದೇಶವದು. 2024ರ ಏಪ್ರಿಲಿನಲ್ಲಿ ‘ಜಿಗ್’ ಎಂಬ ಹೊಸ ನಾಣ್ಯ ಬಂದರೂ ಪೇಟೆಯಲ್ಲಿ ಅಮೆರಿಕದ ಡಾಲರಿಗೇ ಹೆಚ್ಚು ಬಳಕೆ. ಅಲ್ಲಿ ಚಿಲ್ಲರೆಗೆ ಬರ, ಆದುದರಿಂದ ಒಂದು, ಐದು ಡಾಲರಿನ ನೋಟುಗಳು ಬೇಕೇ ಬೇಕು. ಪೂರ್ವದ ದೇಶಗಳ ವಿನಿಮಯ ಅಂಗಡಿಗಳಲ್ಲಾದರೋ ನೂರರ ನೋಟಿಗೆ ಉತ್ತಮ ದರ, ಸಣ್ಣ ನೋಟಿಗೆ ಕೀಳು ದರ. ಹರಿದ, ಗೀಚಿದ, ತೀರ ಹಳೆಯ ಮುದ್ರಣದ ನೋಟುಗಳನ್ನು ಹಿಂದಿರುಗಿಸುವುದು ಅಲ್ಲಿ ಸಾಮಾನ್ಯ. ಊರಿನ ಬ್ಯಾಂಕಿನಲ್ಲಿ ಡಾಲರು ಪಡೆಯುವಾಗಲೇ ಒಂದೊಂದನ್ನೂ ಬೆಳಕಿಗೆ ಹಿಡಿದು ನೋಡಿಕೊಳ್ಳಬೇಕು.

ಬೋಟ್ಸ್ವಾನಾದ ನಾಣ್ಯಕ್ಕೆ ‘ಪುಲಾ’ ಎಂದು ಹೆಸರು, ಹಾಗೆಂದರೆ ಮಳೆ. ಒಣನೆಲದವರು ಸಂಪತ್ತಿಗೆ ಇಟ್ಟ ಹೆಸರು ಎಷ್ಟು ಚೆನ್ನ! ನಮೀಬಿಯಾದಲ್ಲಿ ದಕ್ಷಿಣ ಆಫ್ರಿಕದ ರಾಂಡು ಸಮಬೆಲೆಗೆ ನಡೆಯುತ್ತದೆ. ಗಡಿ ದಾಟಿದ ಮೇಲೆ ನಮೀಬಿಯಾದ ಡಾಲರು ನಡೆಯದು, ಇದ್ದದ್ದನ್ನು ಅಲ್ಲೇ ಮುಗಿಸಿ ಹೊರಡಬೇಕು.

ನಮ್ಮ ರೂಪಾಯಿಗೂ ಆ ನೆಲಕ್ಕೂ ಹಳೆಯ ನಂಟು. ಬ್ರಿಟಿಷರ ಪೂರ್ವ ಆಫ್ರಿಕದಲ್ಲಿ 1920ರ ತನಕ ರೂಪಾಯಿಯೇ ಚಲಾವಣೆಯಲ್ಲಿತ್ತು. ಸ್ವಾಹಿಲಿ ಭಾಷೆಯಲ್ಲಿ ಇಂದಿಗೂ ಹಣಕ್ಕೆ ‘ಪೆಸಾ’, ಅಂಗಡಿಗೆ ‘ದುಕಾ’, ಲಕ್ಷಕ್ಕೆ ‘ಲಾಕಿ’. ಪೈಸೆ, ದುಕಾನುಗಳನ್ನು ಬಲ್ಲ ನಮಗೆ ಚೌಕಾಸಿಗೆ ಇಷ್ಟು ಭಾಷೆ ಸಾಕು.

ಗಡಿಕಟ್ಟೆಯಲ್ಲಿ

ಕೆನ್ಯಾ-ಟಾಂಜಾನಿಯಾ ಗಡಿಯ ನಮಂಗದಂತಹ ಠಾಣೆಗಳಲ್ಲಿ ಲಾರಿ ನಿಂತ ಕೂಡಲೇ ನೋಟಿನ ಕಟ್ಟು ಹಿಡಿದ ದಲ್ಲಾಳಿಗಳು ಮುತ್ತುತ್ತಾರೆ. ನೋಟನ್ನು ಮಡಚಿ ಎರಡು ಬಾರಿ ಎಣಿಸುವುದು, ಕ್ಯಾಲ್ಕುಲೇಟರಿನಲ್ಲಿ ಸೊನ್ನೆ ನುಂಗುವುದು, ರದ್ದಾದ ನೋಟು ಸೇರಿಸುವುದು ಅವರ ವಿದ್ಯೆಗಳು. ಕೆನ್ಯಾದ ಹಳೆಯ ಸಾವಿರದ ನೋಟು 2019ರಲ್ಲೇ ರದ್ದಾಗಿದೆ. 2016ರ ನವೆಂಬರನ್ನು ಕಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕಿನಲ್ಲೋ ಪರವಾನಗಿಯುಳ್ಳ ಅಂಗಡಿಯಲ್ಲೋ ಬದಲಾಯಿಸಿ ರಶೀದಿ ಪಡೆಯುವುದೇ ಕ್ಷೇಮ.

ಗಡಿಗೆ ಸಂಬಂಧಿಸಿದ ಇನ್ನೊಂದು ನೇಮವುಂಟು. ಜೊತೆಯವರೊಳಗೆ ಕೈಸಾಲ ಆಗಿಯೇ ಆಗುತ್ತದೆ. ಅದನ್ನು ಅಂದೇ ಬರೆದಿಟ್ಟು ಗಡಿ ದಾಟುವ ಮುನ್ನ ತೀರಿಸಬೇಕು. ಮಲಾವಿಯಲ್ಲಿ ಪಡೆದ ಕ್ವಾಚಾವನ್ನು ಬೋಟ್ಸ್ವಾನಾದಲ್ಲಿ ಯಾವ ದರದಲ್ಲಿ ಕೊಡುವುದು ಎಂಬ ಚರ್ಚೆ ಸ್ನೇಹವನ್ನು ಕೆಡಿಸುತ್ತದೆ.

ಊರಿನಿಂದ ಒಯ್ಯುವುದು

ಭಾರತದಿಂದ ಹೊರಡುವ ಪ್ರವಾಸಿ ಈ ದೇಶಗಳಿಗೆ ಒಂದು ಪ್ರಯಾಣಕ್ಕೆ 3000 ಡಾಲರಿನ ತನಕ ನಗದು ನೋಟು ಒಯ್ಯಬಹುದು. ಮಿಕ್ಕದ್ದನ್ನು ಬ್ಯಾಂಕಿನ ವಿದೇಶೀ ವಿನಿಮಯ ಕಾರ್ಡಿನಲ್ಲಿ ತುಂಬಿಸಿಕೊಳ್ಳಬೇಕು. ಕಿಟ್ಟಿಯ ಮೊತ್ತವೂ ಈ ನಗದಿನೊಳಗೇ ಬರಬೇಕೆಂಬುದನ್ನು ಮರೆಯಬಾರದು. ಹಿಂತಿರುಗಿದ ಮೇಲೆ 2000 ಡಾಲರಿನ ತನಕ ಕೈಯಲ್ಲಿಟ್ಟುಕೊಳ್ಳಲು ಅಡ್ಡಿಯಿಲ್ಲ. ಹೆಚ್ಚಿನದನ್ನು 180 ದಿನಗಳೊಳಗೆ ಬ್ಯಾಂಕಿಗೆ ಒಪ್ಪಿಸಬೇಕು. ಪ್ರವಾಸದ ದರದ ಜೊತೆ ಮೊದಲೇ ಹಿಡಿಯುವ ಆದಾಯ ತೆರಿಗೆ ಎಷ್ಟೆಂದು ಕೇಳಿ, ರಶೀದಿಯನ್ನು ಜೋಪಾನವಾಗಿಡಿರಿ. ಆದಾಯದ ವಿವರ ಸಲ್ಲಿಸುವಾಗ ಅದು ಲೆಕ್ಕಕ್ಕೆ ಬರುತ್ತದೆ.

ಹಣವನ್ನು ನಾಲ್ಕು ಕಟ್ಟು ಮಾಡಿರಿ. ಒಂದು ಕಿಟ್ಟಿಗೆ, ಒಂದು ದಿನದ ಖರ್ಚಿಗೆ, ಒಂದು ‘ಇಷ್ಟವಿದ್ದರೆ’ ಪಟ್ಟಿಗೆ, ಕೊನೆಯದು ಮುಟ್ಟಬಾರದ ಹಣ. ಕಾಯಿಲೆಯೋ ಮನೆಯ ಕರೆಯೋ ಬಂದು ಅರ್ಧದಲ್ಲಿ ವಿಮಾನ ಹತ್ತಬೇಕಾದರೆ ಟಿಕೇಟಿಗೆ ಸಾಲುವಷ್ಟು ಅದರಲ್ಲಿರಲಿ. ಲಾರಿಯಲ್ಲಿ ತಿಜೋರಿ ಇದ್ದರೂ ಎಲ್ಲವನ್ನೂ ಒಂದೇ ಕಡೆ ಇಡಬೇಡಿರಿ.

ಇಷ್ಟಾದರೂ ಕಠಿಣವಾದುದು ಮೂರನೆಯ ಕಟ್ಟು. ಸೆರೆಂಗೆಟಿಯ ಮೇಲೆ ಬೆಲೂನಿನಲ್ಲಿ ಹಾರಲು ಲಾರಿಯ ಹತ್ತು ಮಂದಿ ಕೈ ಎತ್ತಿದಾಗ ಹನ್ನೊಂದನೆಯವನು ಮರ್ಯಾದೆಗಂಜಿ ಕೈ ಎತ್ತುತ್ತಾನೆ, ಮುಂದಿನ ನಾಲ್ಕು ವಾರ ಅದರ ಚಿಂತೆಯಲ್ಲೇ ಕಳೆಯುತ್ತಾನೆ. ಏನನ್ನು ನೋಡಲೇಬೇಕು, ಯಾವುದಕ್ಕೆ ಬೇಡವೆನ್ನಬೇಕು ಎಂಬುದನ್ನು ಮನೆಯಲ್ಲಿ ಗಂಡ ಹೆಂಡತಿ ಮಕ್ಕಳು ಕೂತು ಚರ್ಚಿಸಿ ಪುಸ್ತಕದಲ್ಲಿ ಬರೆದುಕೊಂಡು ಹೊರಟರೆ ಅಲ್ಲಿ ನಾಲ್ಕು ಜನರ ಮುಂದೆ ಬೇಡವೆನ್ನಲು ನಾಚಿಕೆಯಾಗದು. ಬೆಲೂನು ಹತ್ತದವನಿಗೂ ಅದೇ ಸೆರೆಂಗೆಟಿ ಲಾರಿಯ ಕಿಟಿಕಿಯಿಂದ ಕಾಣುತ್ತದೆ. ಸಾಲವಿಲ್ಲದೆ ಹಿಂದೆ ಬಂದು ಅದನ್ನು ಮನೆಯವರಿಗೆ ಬಣ್ಣಿಸುವ ಸುಖ ಅವನದಾಗಲಿ ಎಂಬುದೇ ನಮ್ಮ ಹಾರೈಕೆ.